ಗೆಣಸು ಹತ್ತಿದ ಬೆಟ್ಟ, ನಾವು ಹೊತ್ತ ಗೆಣಸು

ಗೆಣಸಿನ ಹೊಟ್ಟೆಗೂ ನೆಲಕ್ಕೂ ಮಧ್ಯ ಇರೋದು ನಾಲ್ಕು ಬೆರಳು ಜಾಗ. ನಾನೇ ಅಳೆದಿದೀನಿ. ಊಟ ಆದ್ಮೇಲೆ ಮೂರು. ಡ್ಯಾಶಂಡ್ ಜಾತಿ, ಒಂಬತ್ತು ಕೆಜಿ, ಕೆಂಪು ಬಣ್ಣ, ಎರಡೂ ತುದಿ ಚೂಪಾಗಿ ಮಧ್ಯ ದಪ್ಪ. ಮನೆಗೆ ತಂದ ದಿನವೇ ಅಮ್ಮ ನೋಡಿ "ಇದೆಂತದು, ಗೆಣಸಿಗೆ ಕಾಲು ಬಂದ ಹಾಗೆ ಉಂಟಲ್ಲ" ಅಂದ್ರು, ಹೆಸರು ಅಲ್ಲೇ ಫಿಕ್ಸ್ ಆಯ್ತು. ಅವಳ ಜೊತೆಗೆ ಇನ್ನೊಬ್ಬ ಪುಟ್ಟು, ಬಿಳಿ ಪಮೇರಿಯನ್ ಅಂತ ಎಲ್ಲರೂ ಕರೆಯೋ ಸ್ಪಿಟ್ಜ್, ಏಳು ಕೆಜಿ, ಅದರಲ್ಲಿ ಅರ್ಧ ಬರೀ ಕೂದಲು ಅಂತ ನನ್ನ ಅನುಮಾನ.

ನನ್ನ ಫೋನಲ್ಲಿ ಒಂದು ಫೋಟೋ ಉಂಟು. ಕೋಟೆ ಬೆಟ್ಟದ ತುದೀಲಿ ಬಂಡೆ ಮೇಲೆ ಗೆಣಸು ನಿಂತಿದಾಳೆ, ಗಾಳಿಗೆ ಎರಡೂ ಕಿವಿ ಹಿಂದಕ್ಕೆ ಹಾರ್ತಿದೆ, ಹಿಂದೆ ನೀಲಿ ನೀಲಿ ಸಾಲು ಸಾಲು ಬೆಟ್ಟ. ನೋಡಿದವರೆಲ್ಲ ಅಯ್ಯೋ ಎಷ್ಟು ಧೈರ್ಯ ಈ ಪುಟಾಣಿಗೆ ಅಂತಾರೆ, ಕೆಲವರು ನಮ್ಮ ಮನೇದನ್ನೂ ಕರ್ಕೊಂಡು ಹೋಗ್ಬೇಕು ಯಾವ ದಾರಿ ಹೇಳಿ ಅಂತಾರೆ. ಮೊದಮೊದಲು ನಾನೂ ಹಲ್ಲು ಕಿರಿದುಕೊಂಡು ದಾರಿ ಹೇಳ್ತಿದ್ದೆ. ಈಗ ಹೇಳಲ್ಲ, ಅದರ ಬದಲು ಆ ದಿನದ ಪೂರ್ತಿ ಕತೆ ಹೇಳ್ತೀನಿ, ಅರ್ಧಕ್ಕೇ ಎದ್ದು ಹೋಗೋರೂ ಇದಾರೆ. ನೀವು ಎದ್ದು ಹೋದ್ರೆ ನಂಗೆ ಗೊತ್ತಾಗಲ್ಲ, ಹಾಗಾಗಿ ಇಲ್ಲಿ ಬರೀತಿದೀನಿ.

ಬೆಟ್ಟ ಯಾವುದು ಅನ್ನೋದೇ ಮೊದಲ ಜಗಳ. ತಮ್ಮನಿಗೆ ತಡಿಯಂಡಮೋಳ್ ಆಗ್ಬೇಕು, ಕೊಡಗಲ್ಲಿ ಎಲ್ಲಕ್ಕಿಂತ ಎತ್ತರ, 1748 ಮೀಟರ್, ನಾಲ್ಕುನಾಡು ಅರಮನೆ ಹತ್ರದಿಂದ ಹತ್ತೋದು, ಹತ್ತಿದ್ರೆ ಅದನ್ನೇ ಹತ್ತಬೇಕು ಅಂತ. ನಂಗೆ ವಾರದ ಕೊನೇಲಿ ಅಲ್ಲಿ ಸೇರೋ ಜನ ನೆನೆಸಿಕೊಂಡೇ ಸುಸ್ತು. ಪುಷ್ಪಗಿರಿ, ಬ್ರಹ್ಮಗಿರಿ ಆ ಕಡೆ ಯೋಚನೆ ಕೂಡ ಮಾಡೋ ಹಾಗಿಲ್ಲ, ಅವು ವನ್ಯಜೀವಿಧಾಮ, ನಾಯಿ ಒಳಗೆ ಬಿಡಲ್ಲ, ಬಿಡಲೂ ಬಾರದು. ನಮ್ಮ ಕಡೆ ಎಷ್ಟೋ ಜನಕ್ಕೆ ಇದೊಂದು ಸುಮ್ಮನೆ ಕಿರಿಕಿರಿ ಅನಿಸುತ್ತೆ, ಒಂದು ಸಣ್ಣ ನಾಯಿ ಕಾಡಿಗೆ ಏನು ಮಾಡುತ್ತೆ ಅಂತ ಕೇಳ್ತಾರೆ. 2018ರಲ್ಲಿ ಗಿರ್ ಕಾಡಲ್ಲಿ ಕೆಲವೇ ವಾರದಲ್ಲಿ 20ಕ್ಕೂ ಹೆಚ್ಚು ಸಿಂಹ ಸತ್ತವಲ್ಲ, ಪರೀಕ್ಷೆ ಮಾಡಿದಾಗ ಸಿಕ್ಕಿದ್ದರಲ್ಲಿ ಒಂದು ಕೆನೈನ್ ಡಿಸ್ಟೆಂಪರ್ ವೈರಸ್. ನಮ್ಮ ಮನೆ ನಾಯಿಗಳಿಗೆ ಬರೋ ಅದೇ ಕಾಯಿಲೆ. ನಮ್ಮ ಕಾಡಲ್ಲಿ ಸೀಳುನಾಯಿ ಉಂಟು, ಹುಲಿ ಚಿರತೆ ಉಂಟು. ಲಸಿಕೆ ಹಾಕ್ಸದೆ ನಾಯಿನ ಕಾಡಂಚಿಗೆ ಕರ್ಕೊಂಡು ಹೋಗೋರಿಗೆ ನಂಗೆ ಬಯ್ಯೋಕೆ ಬರೋ ಎಲ್ಲಾ ಬೈಗುಳನೂ ಸಲ್ಲುತ್ತೆ, ಇರ್ಲಿ.

ಕೊನೆಗೆ ಕೋಟೆ ಬೆಟ್ಟ ಅಂತ ಆಯ್ತು. ಮಾದಾಪುರದ ಹತ್ರ, 1620 ಮೀಟರ್ ಅಂತ ಲೆಕ್ಕ, ದೂರದಿಂದ ನೋಡಿದ್ರೆ ಮೇಲಿನ ಬಂಡೆ ಸಾಲು ಥೇಟ್ ಕೋಟೆ ಗೋಡೆ ಥರ ಕಾಣೋದ್ರಿಂದ ಆ ಹೆಸರು. ಮೇಲೆ ಈಶ್ವರನ ಗುಡಿ, ಪಕ್ಕದಲ್ಲಿ ಎರಡು ಕೆರೆ. ಇದು ಕೆಲವು ವರ್ಷದ ಹಿಂದಿನ ಮಾತು, ಆಗ ಊರವರನ್ನೂ ಅರಣ್ಯ ಇಲಾಖೆಯವರನ್ನೂ ಕೇಳ್ಕೊಂಡೇ ಹೋಗಿದ್ದು. ಈಗ ಕೊಡಗಲ್ಲಿ ಟ್ರೆಕ್ಕಿಂಗ್ ನಿಯಮ ಆಗಾಗ ಬದಲಾಗ್ತಿರುತ್ತೆ, ಯಾರೇ ಹೋಗೋದಿದ್ರೂ ಕೇಳ್ಕೊಂಡೇ ಹೋಗಿ.

ಎರಡು ತಿಂಗಳು ಪ್ರಾಕ್ಟೀಸ್ ಮಾಡಿಸಿದ್ವಿ, ನಗಬೇಡಿ. ದಿನಾ ಬೆಳಗ್ಗೆ ತೋಟದ ಏರಿ ಹತ್ತಿ ಇಳಿಸೋದು, ಮೊದಲು ಅರ್ಧ ಗಂಟೆ, ಆಮೇಲೆ ಒಂದು, ಆಮೇಲೆ ಎರಡು. ಕುತ್ತಿಗೆ ಬೆಲ್ಟ್ ತೆಗೆದು ಎದೆಗೆ ಹಾಕೋ ಹಾರ್ನೆಸ್ ತಂದ್ವಿ. ಡಾಕ್ಟ್ರ ಹತ್ರ ಕೇಳಿದಾಗ ಅವರು ಪುಟ್ಟು ಬಗ್ಗೆ ಏನೂ ಹೇಳ್ಲಿಲ್ಲ, ಗೆಣಸಿನ ಬೆನ್ನು ಸವರಿ ಸವರಿ ನೋಡಿ "ಹತ್ತೋದು ಪರವಾಗಿಲ್ಲ, ಹಾರಿ ಇಳಿಯೋದಕ್ಕೆ ಮಾತ್ರ ಬಿಡ್ಲೇಬೇಡಿ" ಅಂದ್ರು. ಈ ಜಾತಿಗೆ ಬೆನ್ನು ಉದ್ದ ಕಾಲು ಗಿಡ್ಡ, ಬೆನ್ನುಮೂಳೆ ಮಧ್ಯ ಇರೋ ಡಿಸ್ಕ್ ಬೇಗ ಗಟ್ಟಿಯಾಗಿ ಜಾರುತ್ತೆ, ಜಾರಿದ್ರೆ ಹಿಂದಿನ ಎರಡೂ ಕಾಲು ಸ್ವಾಧೀನ ತಪ್ಪೋದೂ ಉಂಟು. ಸೋಫಾದಿಂದ ಹಾರಿದ್ದಕ್ಕೇ ಹಾಗಾದ ನಾಯಿಗಳನ್ನ ಅವರು ನೋಡಿದಾರಂತೆ. ಎತ್ತೋವಾಗ್ಲೂ ಒಂದು ಕೈ ಎದೆ ಕೆಳಗೆ ಒಂದು ಕೈ ಹಿಂಭಾಗದ ಕೆಳಗೆ, ಬೆನ್ನು ಹಲಗೆ ಥರ ನೇರ ಇರ್ಬೇಕು. ಇಷ್ಟೆಲ್ಲ ಕೇಳಿಸ್ಕೊಂಡ ಮೇಲೂ ನಂಗೆ ಹೋಗೋದು ಬೇಡ ಅನಿಸ್ಲಿಲ್ಲ ನೋಡಿ. ಹತ್ತೋಕೆ ಪರವಾಗಿಲ್ಲ ಅಂದ್ರಲ್ಲ, ಅಷ್ಟು ಮಾತ್ರ ಕಿವಿಗೆ ಬಿತ್ತು.

ಡ್ಯಾಶಂಡ್ ಅಂದ್ರೆ ಜರ್ಮನಿಯವರು ಬಿಲದೊಳಗೆ ನುಗ್ಗಿ ಬ್ಯಾಡ್ಜರ್ ಹಿಡಿಯೋಕೆ ಅಂತಲೇ ಬೆಳೆಸಿದ ನಾಯಿ, ಡಾಕ್ಸ್ ಅಂದ್ರೆ ಬ್ಯಾಡ್ಜರ್, ಹುಂಡ್ ಅಂದ್ರೆ ನಾಯಿ. ಹೆದರಿಕೆ ಅನ್ನೋದನ್ನ ಇದರೊಳಗೆ ಇಡೋಕೇ ಮರೆತಿದಾರೆ. ಬಿಲದೊಳಗೆ ತನಗಿಂತ ದೊಡ್ಡ ಪ್ರಾಣಿ ಎದುರು ಹಿಂದೆ ಸರಿಯದ ನಾಯಿಗೆ ಕಾಲು ನೋಯ್ತಿದೆ ಅಂತ ನಿಲ್ಲೋದು ಗೊತ್ತಿರುತ್ತಾ? ಇದು ನಂಗೆ ಹೊಳೆದಿದ್ದು ಬೆಟ್ಟದಿಂದ ಬಂದ ಮೇಲೆ.

ಜನವರಿ, ಭಾನುವಾರ. ನಾನು, ತಮ್ಮ, ತಮ್ಮನ ಫ್ರೆಂಡ್ ಒಬ್ಬ. ಬುತ್ತಿಗೆ ಅಕ್ಕಿ ರೊಟ್ಟಿ, ಎಳ್ಳು ಚಟ್ನಿ, ಬೇಯಿಸಿದ ಮೊಟ್ಟೆ, ನಾಯಿಗಳಿಗೆ ಉಪ್ಪು ಹಾಕದ ಕೋಳಿ ಅನ್ನ ಡಬ್ಬಿಲಿ, ಐದು ಲೀಟರ್ ನೀರು. ಹಟ್ಟಿಹೊಳೆ ಹತ್ರ ಗಾಡಿ ನಿಲ್ಲಿಸಿದಾಗ ಇನ್ನೂ ಮಂಜು ಎದ್ದಿರ್ಲಿಲ್ಲ. 2018ರ ಆಗಸ್ಟ್ ಮಳೇಲಿ ಈ ಕಡೆ ಗುಡ್ಡಗಳು ಹೇಗೆ ಜಾರಿ ಬಂದವು ಅಂತ ಕೊಡಗಿನವರಿಗೆ ಹೇಳಬೇಕಾಗಿಲ್ಲ. ನಾವು ಹೋದಾಗ್ಲೂ ಗುಡ್ಡದ ಮೈ ಮೇಲೆ ಕೆಂಪು ಗಾಯ ಹಾಗೇ ಕಾಣ್ತಿತ್ತು, ಹುಲ್ಲು ಬೆಳೆದ ಕಡೇನೂ ಬಣ್ಣ ಬೇರೆ. ತಮ್ಮನ ಫ್ರೆಂಡ್ ಆ ಕಡೆ ಊರಿನವನು, ಅಷ್ಟು ಹೊತ್ತು ಮಾತಾಡ್ತಾ ಬಂದವನು ಅಲ್ಲಿ ಒಂದು ತಿರುವಲ್ಲಿ ಸುಮ್ಮನಾದ, ನಾವೂ ಕೇಳ್ಲಿಲ್ಲ.

ಮೊದಲ ಒಂದೂವರೆ ಗಂಟೆ ಸ್ವರ್ಗ. ಕಾಫಿ ತೋಟದ ಮಧ್ಯ ಜೀಪು ರಸ್ತೆ, ಎರಡೂ ಕಡೆ ಸಿಲ್ವರ್ ಮರ, ಮೆಣಸಿನ ಬಳ್ಳಿ, ಕುಯ್ಲಿನ ಸಮಯ ಆದ್ರಿಂದ ಆಳುಗಳ ಲೈನ್ ಮನೆ ಕಡೆಯಿಂದ ಜನ ಚೀಲ ಹಿಡ್ಕೊಂಡು ಬರ್ತಿದ್ರು. ಎಲ್ಲರಿಗೂ ಗೆಣಸನ್ನ ನೋಡಿ ನಗು. ಒಂದು ಸಣ್ಣ ಹುಡುಗಿ ಅವರಮ್ಮನ ಸೆರಗು ಎಳೆದು "ಅಮ್ಮ ಅದು ನಾಯಿನಾ" ಅಂತ ಕೇಳಿದ್ಲು. ಗೆಣಸು ಬಾಲ ಆಂಟೆನಾ ಥರ ಎತ್ಕೊಂಡು ಎಲ್ಲರಿಗಿಂತ ಮುಂದೆ. ಪುಟ್ಟು ಪ್ರತಿ ಮರಕ್ಕೂ ಕಾಲೆತ್ತಿ ಕಾಲೆತ್ತಿ ಆ ಟ್ಯಾಂಕ್ ಖಾಲಿ ಆದ್ರೂ ಎತ್ತೋದು ಬಿಡ್ಲಿಲ್ಲ.

ಆಮೇಲೆ ರಸ್ತೆ ಮಧ್ಯ ಆನೆ ಲದ್ದಿ. ರಾತ್ರಿದು, ಇನ್ನೂ ಒಣಗಿರ್ಲಿಲ್ಲ.

ಇಲ್ಲಿ ಒಂದು ಮಾತು ಹೇಳ್ಲೇಬೇಕು, ಯಾಕಂದ್ರೆ ಬೆಂಗಳೂರಿಂದ ನಾಯಿ ಜೊತೆ ಬರೋರಿಗೆ ಇದು ಗೊತ್ತಿರಲ್ಲ. ಆನೆ ಕಂಡ್ರೆ ನಾಯಿ ಏನು ಮಾಡುತ್ತೆ? ಬೊಗಳ್ಕೊಂಡು ನುಗ್ಗುತ್ತೆ. ಆನೆ ತಿರುಗಿ ಓಡಿಸ್ಕೊಂಡು ಬಂದ್ರೆ? ಸೀದಾ ವಾಪಸ್ ಓಡಿ ಬಂದು ನಿಮ್ಮ ಕಾಲ ಹಿಂದೆ ನಿಲ್ಲುತ್ತೆ, ಹಿಂದೆ ಆನೆ. ತೋಟದ ಕೆಲಸಕ್ಕೆ ಹೋಗೋರು ಮನೆ ನಾಯಿ ಹಿಂಬಾಲಿಸಿದ್ರೆ ಕಲ್ಲು ತೋರ್ಸಿ ವಾಪಸ್ ಅಟ್ಟೋದು ಅದಕ್ಕೆ. ಅದೂ ಅಲ್ದೆ ಏಳೆಂಟು ಕೆಜಿ ನಾಯಿ ಅಂದ್ರೆ ಚಿರತೆಗೆ ತಟ್ಟೇಲಿ ಇಟ್ಟ ಹಾಗೆ. ಹಂದಿಗೆ ಅಂತ ಬೇಲಿ ಸಂದೀಲಿ ಕಟ್ಟಿರೋ ಉರುಳು ಬೇರೆ, ಅದರ ತಂತಿ ನಾಯಿ ಕುತ್ತಿಗೆ ಹಂದಿ ಕುತ್ತಿಗೆ ಅಂತ ವ್ಯತ್ಯಾಸ ನೋಡಲ್ಲ. ಹಾಗಾಗಿ ಆ ಲದ್ದಿ ಕಂಡಲ್ಲಿಂದ ಎರಡನ್ನೂ ಚೈನ್ ಗಿಡ್ಡ ಮಾಡಿ ಕಾಲ ಪಕ್ಕದಲ್ಲೇ ನಡೆಸಿದ್ವಿ. ತಮ್ಮ ಜೋರಾಗಿ ಮಾತಾಡ್ತಾ ಬಂದ, ಅವನಿಗೆ ಅದು ಕಷ್ಟದ ಕೆಲಸವೇನಲ್ಲ.

ಕಾಡು ಮುಗಿದು ಹುಲ್ಲುಗಾವಲು ಶುರುವಾಗೋ ಮುಂಚೆ ಒಂದು ಸಣ್ಣ ತೊರೆ. ಜನವರೀಲಿ ನೀರು ಹರಿಯೋದು ನಿಂತು ಗುಂಡಿ ಗುಂಡೀಲಿ ಉಳಿದಿತ್ತು, ಸ್ಪಟಿಕದ ಥರ ಕಾಣ್ತಿತ್ತು. ಗೆಣಸು ಮೂತಿ ಪೂರ್ತಿ ಮುಳುಗಿಸಿ ಚಪ್ಪರಿಸಿ ಕುಡಿದ್ಲು. ನಾನು ನಿಂತು ನೋಡ್ದೆ, ಚೆನ್ನಾಗಿ ಕುಡೀಲಿ ಬಾಟ್ಲಿ ನೀರು ಉಳಿಯುತ್ತೆ ಅಂದ್ಕೊಂಡೆ. ಈ ಗುಂಡಿ ನೆನಪಿಟ್ಕೊಳ್ಳಿ.

ಹುಲ್ಲುಗಾವಲು ಅಂದ ತಕ್ಷಣ ಫೋಟೋದಲ್ಲಿ ಬರೋ ಹಸಿರು ನೆನಪಾಗುತ್ತೆ. ಜನವರೀಲಿ ಅದು ಹಳದಿ, ಸೊಂಟದವರೆಗೆ, ತುಂಬಾ ಊಬು. ಪ್ಯಾಂಟಿಗೆ ಚುಚ್ಕೊಂಡ್ರೆ ನಮಗೆ ಬರೀ ಕಿರಿಕಿರಿ, ನಾಯಿಗೆ ಬೆರಳ ಸಂದಿಗೆ ಕಿವಿ ಒಳಗೆ ಹೊಕ್ಕಿದ್ರೆ ಹಾಗೇ ಮುಂದೆ ಮುಂದೆ ಹೋಗುತ್ತೆ ಹೊರತು ವಾಪಸ್ ಬರಲ್ಲ, ಹಿಮ್ಮುಖ ಮುಳ್ಳು ಅದಕ್ಕೆ. ಪುಟ್ಟು ಹತ್ತು ನಿಮಿಷದಲ್ಲಿ ಬಿಳಿ ನಾಯಿ ಹೋಗಿ ಪೊರಕೆ ಆದ. ಗೆಣಸಿಗೆ ಹುಲ್ಲು ಅಂದ್ರೆ ಕಾಡೇ, ಅವಳಿಗೆ ಆ ಒಂದು ಗಂಟೆ ಬೆಟ್ಟ ಆಕಾಶ ಯಾವುದೂ ಕಂಡಿಲ್ಲ, ನನ್ನ ಶೂ ಹಿಮ್ಮಡಿ ಒಂದೇ ಕಂಡಿದ್ದು.

ಹತ್ತೂವರೆಗೆ ಬಿಸಿಲು ನೆತ್ತಿಗೆ ಬಂತು. ಗಾಳಿ ತಂಪು ಇದ್ದಿದ್ರಿಂದ ನಮಗೆ ಸೆಕೆ ಅನಿಸ್ಲಿಲ್ಲ, ಅದೇ ಮೋಸ. ನಾಲ್ಕು ಬೆರಳು ಎತ್ತರದಲ್ಲಿ ಗಾಳಿ ಇಲ್ಲ, ಕಾದ ಬಂಡೆ ಉಂಟು. ನಾಯಿಗೆ ನಮ್ಮ ಥರ ಮೈಯೆಲ್ಲ ಬೆವರಲ್ಲ, ನಾಲಿಗೆ ಹೊರಗೆ ಹಾಕಿ ಏದುಸಿರು ಬಿಟ್ಟೇ ಮೈ ತಣ್ಣಗೆ ಮಾಡ್ಕೊಳ್ಬೇಕು. ಅದರ ಮಾಮೂಲಿ ಮೈ ಬಿಸಿಯೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್, 104 ದಾಟಿದ್ರೆ ಅಪಾಯ, 106ಕ್ಕೆ ಹೋದ್ರೆ ಜೀವಕ್ಕೇ ಸಂಚಕಾರ. ಇನ್ನು ಹೆಜ್ಜೆ ಲೆಕ್ಕ. ನಾನೊಂದು ಹೆಜ್ಜೆ ಇಟ್ರೆ ಗೆಣಸಿಂದು ಐದಾರು. ನನ್ನ ವಾಚು ಆ ಹೊತ್ತಿಗೆ ಹನ್ನೆರಡು ಸಾವಿರ ಚಿಲ್ಲರೆ ತೋರಿಸ್ತಿತ್ತು, ಗುಣಿಸ್ಕೊಳ್ಳಿ, ನಂಗೆ ಆಗ ಗುಣಿಸೋಕೆ ಹೊಳೀಲಿಲ್ಲ.

ಅವಳು ನಿಂತಿದ್ದು ಒಂದು ಬಂಡೆ ನೆರಳಲ್ಲಿ. ಕೂತ್ಲು, ಆಮೇಲೆ ಹೊಟ್ಟೆ ನೆಲಕ್ಕೆ ಅಂಟಿಸಿ ಮಲಗಿದ್ಲು. ನಾಲಿಗೆ ತುದಿ ಅಗಲ ಆಗಿ ಸೌಟಿನ ಥರ. ನೀರು ಕೊಟ್ವಿ, ಕುಡಿದ್ಲು. ಐದು ನಿಮಿಷ ಆದ್ಮೇಲೆ ನಾನು ಎದ್ದೆ, ಅವಳೂ ಎದ್ಲು. ನೋಡ್ದಾ, ಸುಧಾರಿಸಿಕೊಂಡ್ಲು ಅಂದೆ ತಮ್ಮನಿಗೆ. ಇನ್ನೊಂದು ನೂರು ಹೆಜ್ಜೆ, ಮತ್ತೆ ನೆರಳು, ಮತ್ತೆ ಮಲಗೋದು. ನಾನು ಎದ್ದೆ, ಅವಳು ಎದ್ಲು. ಹೀಗೆ ನಾಲ್ಕು ಸಲ. ನಾಲ್ಕನೇ ಸಲ ತಮ್ಮ "ಅಕ್ಕ, ನೀನೊಂದು ಸಲ ಎದ್ದೇಳ್ದೆ ಕೂತ್ಕೋ ನೋಡೋಣ" ಅಂದ. ಕೂತೆ. ಹತ್ತು ನಿಮಿಷ, ಹದಿನೈದು, ಇಪ್ಪತ್ತು. ಗೆಣಸು ಅಲ್ಲಾಡ್ಲಿಲ್ಲ. ಪಕ್ಕದಲ್ಲೇ ಪುಟ್ಟು ಮಿಡತೆ ಹಿಡಿತಾ ಕುಣೀತಿದ್ದ, ಅವನ ಕಡೆ ತಿರುಗಿ ಕೂಡ ನೋಡ್ಲಿಲ್ಲ. ಆಮೇಲೆ ನಾನು ಬೇಕಂತಲೇ ಎದ್ದು ನಿಂತೆ. ಮುಂದಿನ ಎರಡು ಕಾಲು ಊರಿ ಎದ್ದೇ ಬಿಟ್ಲು.

ಆ ಕ್ಷಣ ನಂಗೆ ಹೊಟ್ಟೆ ತೊಳೆಸಿದ ಹಾಗಾಯ್ತು. ಅವಳು ಸುಧಾರಿಸಿಕೊಂಡು ಏಳ್ತಿರ್ಲಿಲ್ಲ, ನಾನು ಎದ್ದೆ ಅಂತ ಏಳ್ತಿದ್ಲು. ಎರಡು ತಿಂಗಳಿಂದ ತೋಟದ ಏರೀಲೂ ಹೀಗೇ ಎದ್ದಿರಬಹುದು, ನಾನು ಅದನ್ನೇ ತಾಕತ್ತು ಅಂತ ಲೆಕ್ಕ ಹಾಕಿದ್ದೆ.

ಹೊಟ್ಟೆಗೆ, ತೊಡೆ ಸಂದಿಗೆ, ಪಾದಕ್ಕೆ ನೀರು ಒರೆಸಿದ್ವಿ. ವಾಪಸ್ ಹೋಗೋಣ ಅಂದ ತಮ್ಮ. ಇನ್ನು ಮುಕ್ಕಾಲು ಗಂಟೆ ದಾರಿ ಅಷ್ಟೇ, ಗುಡಿ ಕಾಣ್ತಾ ಉಂಟು. ಇಲ್ಲಿ ನಾನು ವಾಪಸ್ ಬಂದೆ ಅಂತ ಬರೆದ್ರೆ ಎಷ್ಟು ಚೆನ್ನಾಗಿರ್ತಿತ್ತು, ಆದ್ರೆ ಫೋಟೋ ಉಂಟಲ್ಲ. ನಾನು ನನ್ನ ಬ್ಯಾಗಿನ ಸಾಮಾನೆಲ್ಲ ತಮ್ಮನ ಫ್ರೆಂಡಿಗೆ ಕೊಟ್ಟು, ಖಾಲಿ ಬ್ಯಾಗ್ ಎದೆಗೆ ಹಾಕ್ಕೊಂಡು, ಕೆಳಗೆ ಟವೆಲ್ ಮಡಚಿ ಇಟ್ಟು ಗೆಣಸನ್ನ ಅದರೊಳಗೆ ಕೂರಿಸ್ಕೊಂಡೆ. ಒಂಬತ್ತು ಕೆಜಿ ಅಂದ್ರೆ ಅಕ್ಕಿ ಚೀಲ ಆದ್ರೆ ಏನೂ ಅಲ್ಲ. ಉಸಿರಾಡೋ, ಬಿಸಿ ಇರೋ, ಮಧ್ಯ ಮಧ್ಯ ಗಲ್ಲ ನೆಕ್ಕೋ ಒಂಬತ್ತು ಕೆಜಿ ಹೊತ್ತು ಕಡಿದಾದ ಬಂಡೆ ಹತ್ತಿ ನೋಡಿ, ಕಾಲು ಎಲ್ಲಿಡ್ತಿದೀನಿ ಅಂತಾನೇ ಕಾಣ್ಸಲ್ಲ. ತಮ್ಮನೂ ನಾನೂ ಬದಲಾಯಿಸ್ಕೊಂಡು ಹೊತ್ವಿ.

ಮೇಲಿಂದ ಒಬ್ಬರು ಅಜ್ಜ ಇಳಿದು ಬರ್ತಿದ್ರು, ಪಂಚೆ ಮೊಣಕಾಲ ಮೇಲೆ ಕಟ್ಟಿ, ಕೈಲಿ ಸಣ್ಣ ಕತ್ತಿ, ಕಾಲಲ್ಲಿ ಹವಾಯಿ ಚಪ್ಪಲಿ. ಇಷ್ಟು ದುಡ್ಡು ಕೊಟ್ಟು ತಗೊಂಡ ನನ್ನ ಶೂಗೆ ಅಲ್ಲೇ ಅವಮಾನ. ನಿಂತು ಬ್ಯಾಗಿಂದ ಇಣುಕ್ತಿದ್ದ ಮೂತಿ ನೋಡಿ "ಎಂತಮ್ಮ, ಕಾಲು ಪೆಟ್ಟಾಗಿದ್ದಾ?" ಅಂದ್ರು. ಇಲ್ಲ ಅಜ್ಜ, ಸುಸ್ತಾಗಿದೆ, ಮೇಲೆ ತೋರಿಸ್ಕೊಂಡು ಬರೋಣ ಅಂತ ಅಂದೆ. ಅವರು ಒಂದು ಸಲ ಗುಡಿ ಕಡೆ ನೋಡಿದ್ರು, ಒಂದು ಸಲ ಗೆಣಸನ್ನ ನೋಡಿದ್ರು.

"ಹರಕೆ ನಿಮ್ದಾ, ನಾಯಿದಾ?"

ನಗ್ಲೇ ಇಲ್ಲ ಅವರು, ನಿಜವಾಗ್ಲೂ ಕೇಳಿದ್ದು. ತಮ್ಮ ಬಿದ್ದು ಬಿದ್ದು ನಕ್ಕ. ನಂಗೆ ಉತ್ತರ ಬರ್ಲಿಲ್ಲ, ಅಜ್ಜನೂ ಕಾಯ್ಲಿಲ್ಲ, ಚಪ್ಪಲಿ ಪಟ ಪಟ ಅನ್ನಿಸ್ಕೊಂಡು ಇಳಿದು ಹೋದ್ರು.

ತುದೀಲಿ ನಾವಿದ್ದಿದ್ದು ಅರ್ಧ ಗಂಟೆ. ಗುಡಿ ಹತ್ರ ನಾಯಿ ಬಿಡೋದು ಸರಿಯಲ್ಲ ಅಂತ ದೂರದಲ್ಲೇ ಕೂತ್ವಿ. ಕೆರೆ ನೋಡಿದ್ವಿ, ಗಾಳಿಗೆ ನೀರು ಸುಕ್ಕು ಸುಕ್ಕಾಗ್ತಿತ್ತು. ರೊಟ್ಟಿ ತಿಂದ್ವಿ. ಆಮೇಲೆ ಗೆಣಸನ್ನ ಬ್ಯಾಗಿಂದ ತೆಗೆದು ಬಂಡೆ ಮೇಲೆ ನಿಲ್ಲಿಸಿದ್ವಿ. ಕೂರೋಕೆ ಹೋದ್ಲು. ತಮ್ಮ ಕ್ಯಾಮೆರಾ ಹಿಂದೆ ನಿಂತು ಕೋಳಿ ಪೀಸ್ ತೋರಿಸ್ದ, ಕತ್ತೆತ್ತಿ ನೋಡಿದ್ಲು, ಅದೇ ಹೊತ್ತಿಗೆ ಗಾಳಿ ಬಂತು, ಕಿವಿ ಹಾರ್ತು. ಕ್ಲಿಕ್. ಆ ಮುಖದಲ್ಲಿ ಎಲ್ಲರಿಗೂ ಕಾಣೋ ಧೈರ್ಯ ಕೋಳಿದು.

ಇಳಿಯೋದು ಬರೆಯೋಕೆ ಹೆಚ್ಚೇನಿಲ್ಲ. ಪೂರ್ತಿ ಹೊತ್ಕೊಂಡೇ ಇಳಿದಿದ್ದು, ಡಾಕ್ಟ್ರ ಮಾತು ಈಗ ನೆನಪಾಯ್ತು. ಪುಟ್ಟು ಮಾತ್ರ ಹತ್ತಿ ಇಳಿದು ಗಾಡಿ ಹತ್ರ ಬಂದು ಇನ್ನೊಂದು ರೌಂಡ್ ಹೋಗೋಣ್ವಾ ಅನ್ನೋ ಥರ ನಿಂತಿದ್ದ. ಸಣ್ಣ ನಾಯಿ ಸಣ್ಣ ನಾಯಿ ಅಂತ ಒಂದೇ ಪಂಕ್ತೀಲಿ ಕೂರಿಸ್ತೀವಲ್ಲ, ಏಳು ಕೆಜಿ ನಾಯಿಗೂ ಒಂಬತ್ತು ಕೆಜಿ ನಾಯಿಗೂ ಮಧ್ಯ ಇರೋ ವ್ಯತ್ಯಾಸ ತೂಕದ್ದಲ್ಲ, ಕಾಲಿಂದು, ಬೆನ್ನಿಂದು. ರಾತ್ರಿ ಎರಡು ಗಂಟೆ ಕೂತು ಬಾಚಣಿಗೆ, ಚಿಮುಟ ಹಿಡ್ಕೊಂಡು ಊಬು, ಉಣ್ಣಿ ಆರಿಸಿದ್ದು ಅವನ ಮೈಯಿಂದ.

ಫೋಟೋ ಹಾಕಿದೆ. ಎಲ್ಲರೂ ಹೊಗಳಿದ್ರು. ನಾನು ಯಾರಿಗೂ ಬ್ಯಾಗಿನ ವಿಷಯ ಹೇಳ್ಲಿಲ್ಲ.

ಹನ್ನೆರಡನೇ ದಿನ ಬೆಳಗ್ಗೆ ಗೆಣಸು ಮಲಗೋ ಗೋಣಿ ಮೇಲೆ ರಕ್ತ. ಬಲಗಡೆ ಮೂಗಿಂದ ಸಣ್ಣಗೆ ಇಳೀತಿತ್ತು, ಸೀನಿದಾಗ ಗೋಡೆಗೆಲ್ಲ ಚಿಮ್ಮೋದು. ಡಾಕ್ಟ್ರು ಮೊದಲು ಹೇಳಿದ್ದು ಉಣ್ಣಿ ಜ್ವರ ಇರಬಹುದು ಅಂತ. ಉಣ್ಣಿಯಿಂದ ಬರೋ ಎರ್ಲಿಕಿಯಾ ಅನ್ನೋ ಕಾಯಿಲೇಲಿ ಪ್ಲೇಟ್‌ಲೆಟ್ ಇಳಿದು ಹೀಗೇ ಮೂಗಲ್ಲಿ ರಕ್ತ ಬರುತ್ತೆ, ಗೊತ್ತಾಗೋದು ತಡ ಆದ್ರೆ ಉಳಿಯೋದು ಕಷ್ಟ. ರಕ್ತ ತೆಗೆದು ಕಳಿಸಿದ್ರು. ರಿಪೋರ್ಟ್ ಬರೋವರೆಗೂ ನಾನು ಗೆಣಸಿನ ಪಕ್ಕ ನೆಲದ ಮೇಲೆ ಮಲಗಿದ್ದೆ. ಅಮ್ಮ ಏನೂ ಬಯ್ಯಲಿಲ್ಲ, ಅದೇ ಹೆದರಿಕೆ. ಒಂದು ಸಲ ಮಾತ್ರ "ಅದೇನು ಕೇಳಿತ್ತಾ ನಿನ್ನ ಬೆಟ್ಟ ತೋರ್ಸು ಅಂತ" ಅಂದು ದೇವರ ಮನೆ ಕಡೆ ಹೋದ್ರು.

ಪ್ಲೇಟ್‌ಲೆಟ್ ಸರಿ ಇತ್ತು. ರಕ್ತ ಒಂದೇ ಹೊಳ್ಳೇಲಿ ಬರ್ತಿದೆ ಅನ್ನೋದನ್ನ ಹಿಡ್ಕೊಂಡು ಡಾಕ್ಟ್ರು ಕೇಳಿದ್ರು, ಇತ್ತೀಚೆಗೆ ಎಲ್ಲಾದ್ರೂ ನಿಂತ ನೀರು ಕುಡೀತಾ ಅಂತ. ಆ ಗುಂಡಿ! ಮೂಗಿಗೆ ಹೋಗೋ ಜಿಗಣೆ ಅಂತ ಒಂದು ಜಾತಿ ಉಂಟು, ದನ ಸಾಕೋರಿಗೆ ಗೊತ್ತಿರುತ್ತೆ. ನೀರು ಕುಡಿಯೋವಾಗ ದಾರದ ತುಂಡಿನಷ್ಟು ಸಣ್ಣದು ಮೂಗಿಗೆ ನುಗ್ಗಿ, ಒಳಗೇ ಕೂತು ರಕ್ತ ಹೀರಿ ವಾರಗಟ್ಟಲೆ ಬೆಳೆಯುತ್ತೆ. ಪಕ್ಕದ ಮನೆಯವರು ಹೊಗೆಸೊಪ್ಪಿನ ನೀರು ಬಿಡಿ ಬಿದ್ದು ಹೋಗುತ್ತೆ ಅಂದಿದ್ರು, ದಯವಿಟ್ಟು ಹಾಗೆ ಮಾಡ್ಬೇಡಿ, ಹೊಗೆಸೊಪ್ಪು ನಾಯಿಗೆ ವಿಷ. ಡಾಕ್ಟ್ರು ಮಾಡಿದ್ದು ಬಹಳ ಸರಳ. ಕೆಲವು ಗಂಟೆ ನೀರು ಕೊಡದೆ ಇಟ್ಟು, ಆಮೇಲೆ ಬಟ್ಟಲಲ್ಲಿ ತಣ್ಣೀರು ತಂದು ಮೂಗಿನ ಹತ್ರ ಹಿಡಿದ್ರು. ಕುಡಿಯೋಕೆ ಬಿಡ್ಲಿಲ್ಲ, ಬರೀ ಹಿಡಿದ್ರು. ಎರಡು ನಿಮಿಷ. ಹೊಳ್ಳೆಯಿಂದ ಕಂದು ಬಣ್ಣದ ಒಂದು ತುದಿ ನೀರಿಗೆ ಅಂತ ಹೊರಗೆ ಬಂತು, ಒಳಗೆ ಹೋಯ್ತು, ಮತ್ತೆ ಬಂತು. ಮೂರನೇ ಸಲಕ್ಕೆ ಚಿಮುಟದಲ್ಲಿ ಹಿಡಿದು ನಿಧಾನಕ್ಕೆ ಎಳೆದ್ರು. ನನ್ನ ಕಿರುಬೆರಳಿಗಿಂತ ಉದ್ದ. ಗೆಣಸು ಒಂದು ಸೀನು ಸೀನಿ ಬಟ್ಟಲಿಗೆ ಮೂತಿ ಹಾಕಿದ್ಲು.

ಆ ಹನ್ನೆರಡು ದಿನವೂ ಅವಳು ಬಾಲ ಅಲ್ಲಾಡಿಸ್ಕೊಂಡೇ ಇದ್ಲು. ಊಟ ಬಿಡ್ಲಿಲ್ಲ. ನಾನು ಚಪ್ಪಲಿ ಹಾಕಿದ್ರೆ ಬಾಗಿಲ ಹತ್ರ ಹಾಜರು. ಮೂಗೊಳಗೆ ಜಿಗಣೆ ಇಟ್ಕೊಂಡು ದಿನಾ ಬೆಳಗ್ಗೆ ನನ್ನ ಜೊತೆ ತೋಟದ ಏರಿ ಹತ್ತಿ ಇಳಿದಿದಾಳೆ.

ಈಗ ದೊಡ್ಡ ಬೆಟ್ಟಕ್ಕೆ ಪುಟ್ಟು ಒಬ್ಬನೇ, ಅದೂ ನಾಯಿ ಬಿಡೋ ಕಡೆ ಮಾತ್ರ, ಒಂಬತ್ತೂವರೆ ಒಳಗೆ ವಾಪಸ್. ಗೆಣಸಿಗೆ ನಮ್ಮ ಕಣದಿಂದ ಮೇಲಿನ ಹಲಸಿನ ಮರದವರೆಗೆ, ಅದೂ ಅವಳು ಮುಂದೆ ನಾನು ಹಿಂದೆ. ಅವಳು ಕೂತ್ರೆ ನಾನೂ ಕೂರ್ತೀನಿ, ಅವಳು ಏಳೋವರೆಗೂ ಏಳಲ್ಲ. ಕೆಲವು ದಿನ ಹಲಸಿನ ಮರ ಮುಟ್ಟೋಕೆ ಮುಕ್ಕಾಲು ಗಂಟೆ ಆಗುತ್ತೆ, ಕೆಲವು ದಿನ ಅರ್ಧಕ್ಕೇ ತಿರುಗ್ತಾಳೆ. ನೋಡಿದ ಆಳುಗಳು ಇವರಿಗೇನೋ ಆಗಿದೆ ಅಂದ್ಕೊಂಡಿದಾರೆ.

ಅಮ್ಮ ದೇವರ ಮನೆ ಕಡೆ ಹೋದ್ರು ಅಂದೆನಲ್ಲ, ಅಲ್ಲಿ ಹರಕೆ ಹೇಳ್ಕೊಂಡಿದ್ರು, ನಂಗೆ ಗೊತ್ತಾಗಿದ್ದು ಆಮೇಲೆ. ನಾಪೋಕ್ಲು ಹತ್ರ ಬೇತು ಗ್ರಾಮದಲ್ಲಿ ಮಕ್ಕಿ ಶಾಸ್ತಾವು ದೇವಸ್ಥಾನ ಉಂಟು. ಶಾಸ್ತಾವು ಅಂದ್ರೆ ಅಯ್ಯಪ್ಪ, ಕೊಡಗಿನ ಅಯ್ಯಪ್ಪ ಬೇಟೆಗಾರ, ಬೇಟೆಗಾರ ಅಂದ್ಮೇಲೆ ನಾಯಿ ಇರ್ಲೇಬೇಕು. ಹಾಗಾಗಿ ಅಲ್ಲಿ ಹರಕೆ ಹೊತ್ತೋರು ಮಣ್ಣಿನ ನಾಯಿ ಒಪ್ಪಿಸ್ತಾರೆ. ನಮ್ಮ ದೇವರಕಾಡುಗಳಲ್ಲಿ ಅಯ್ಯಪ್ಪನ ಜಾಗಕ್ಕೆ ಹೋದ್ರೆ ಮರದ ಬುಡದಲ್ಲಿ ಪಾಚಿ ಹಿಡಿದ ಮಣ್ಣಿನ ನಾಯಿಗಳು ಸಾಲಾಗಿ ಕೂತಿರೋದು ನೋಡಿರ್ತೀರಿ, ಕೆಲವಕ್ಕೆ ಕಿವಿ ಇರಲ್ಲ, ಕೆಲವಕ್ಕೆ ಮೂತಿ ಇರಲ್ಲ, ಆದ್ರೂ ಎಲ್ಲವೂ ಎಲ್ಲಿಗೋ ಹೊರಟ ಹಾಗೆ ನೋಡ್ತಿರುತ್ವೆ.

ಆ ವರ್ಷ ಡಿಸೆಂಬರ್ ಕೊನೇಲಿ ಹಬ್ಬದ ಸಮಯಕ್ಕೆ ಹೋದ್ವಿ. ಗೆಣಸನ್ನ ಕಾರಲ್ಲಿ ಗಾಜು ಇಳಿಸಿ ತಮ್ಮನ ಜೊತೆ ಬಿಟ್ಟು ಅಮ್ಮನೂ ನಾನೂ ಇಳಿದ್ವಿ. ಕಾರಿಂದ ಅವಳು ಬೊಗಳೋದು ಅಲ್ಲೀವರೆಗೂ ಕೇಳ್ತಿತ್ತು. ಅಮ್ಮನ ಕೈಲಿ ನೋಡ್ತೀನಿ, ಎರಡು ಮಣ್ಣಿನ ನಾಯಿ. ಎರಡೂ ಉದ್ದ ಕಾಲಿಂದು, ಗೆಣಸಿನ ಹೋಲಿಕೆ ಒಂಚೂರೂ ಇಲ್ಲ.

"ಎರಡು ಯಾಕಮ್ಮ, ಪುಟ್ಟುಗೆ ಏನೂ ಆಗಿರ್ಲಿಲ್ಲಲ್ಲ" ಅಂದೆ.

"ಪುಟ್ಟುಗಲ್ಲ, ಅದು ನಿಂಗೆ" ಅಂದ್ರು ಅಮ್ಮ.